ಶಾಸ್ತ್ರ ಸುಮ್ಮನಾದ ಮೇಲೆ

ಹೈದರಾಬಾದಿನಿಂದ ವಿಜಯವಾಡದ ಹೆದ್ದಾರಿ ಹಿಡಿದು, ನಡುವೆ ಎಡಕ್ಕೆ ಹೊರಳಿದರೆ ಪೋಚಂಪಲ್ಲಿ ಸಿಗುತ್ತದೆ. ಇಕತ್ ಸೀರೆಗಳಿಂದ ಹೆಸರಾದ ಊರು. 1951ರ ಏಪ್ರಿಲ್‌ನಲ್ಲಿ ವಿನೋಬಾ ಭಾವೆ ಇಲ್ಲಿಗೆ ಬಂದಾಗ ಊರಿನ ದಲಿತರು ಬದುಕಲು ಒಂದಿಷ್ಟು ನೆಲ ಬೇಕೆಂದು ಕೇಳಿದರು. ಭೂಮಾಲೀಕ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಡುವುದಾಗಿ ಎದ್ದು ನಿಂತರು. ಭೂದಾನ ಚಳವಳಿ ಶುರುವಾದದ್ದು ಹಾಗೆ. ಅದಾಗಿ ಕಾಲು ಶತಮಾನ ಕಳೆಯುವಷ್ಟರಲ್ಲಿ ಶ್ಯಾಮ್ ಬೆನೆಗಲ್ ಅದೇ ಊರಿಗೆ ಕ್ಯಾಮೆರಾ ತಂದು ‘ನಿಶಾಂತ್’ ಚಿತ್ರ ತೆಗೆದರು. 1945ರ ತೆಲಂಗಾಣದ ಕಥೆ. ಜಮೀನ್ದಾರನ ತಮ್ಮಂದಿರು ಹೊಸದಾಗಿ ಬಂದ ಶಾಲಾ ಮೇಷ್ಟರ ಹೆಂಡತಿಯನ್ನು ಮನೆಯಿಂದಲೇ ಹೊತ್ತೊಯ್ಯುತ್ತಾರೆ. ಊರು ನೋಡುತ್ತ ನಿಲ್ಲುತ್ತದೆ.

ಆ ಮೇಷ್ಟರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ಪೊಲೀಸರ ಬಳಿ ಹೋಗುತ್ತಾರೆ, ಅಧಿಕಾರಿಗಳ ಬಳಿ ಹೋಗುತ್ತಾರೆ, ವಕೀಲರ ಬಳಿ ಹೋಗುತ್ತಾರೆ. ಎಲ್ಲರೂ ಕಾಗದಪತ್ರದ ಮಾತಾಡುತ್ತಾರೆ. ಕೊನೆಗೊಮ್ಮೆ ಗುಡಿಯಲ್ಲಿ ಗಂಡ–ಹೆಂಡಿರು ಮುಖಾಮುಖಿಯಾಗುತ್ತಾರೆ. ಶಬಾನಾ ಆಜ್ಮಿಯ ಸುಶೀಲೆ ಅಲ್ಲಿ ಅಳುವುದಿಲ್ಲ, ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನೀನು ಮಾಡಿದ್ದೇನು ಎಂಬುದೇ ಅವಳ ಪ್ರಶ್ನೆಯ ತಿರುಳು. ಕಾರ್ನಾಡರ ಮುಖದಲ್ಲಿ ಆಗ ಕಾಣುವುದು ನಾಚಿಕೆ ಮಾತ್ರ ಅಲ್ಲ. ತಾನು ಇದುವರೆಗೆ ನಂಬಿದ ಯಾವ ನಿಯಮವೂ ಈ ಗಳಿಗೆಗೆ ಉತ್ತರ ಹೇಳುತ್ತಿಲ್ಲವಲ್ಲ ಎಂಬ ಬೆರಗು. ಮೇಷ್ಟರು ಆಮೇಲೆ ಸೇರುವುದು ಊರಿನ ಅರ್ಚಕನನ್ನು. ದೇವರ ಒಡವೆ ಕದ್ದವರು ಯಾರೆಂದು ಗೊತ್ತಿದ್ದೂ ಬಾಯಿಬಿಡಲಾರದೆ ಕುಳಿತಿದ್ದ ಅರ್ಚಕ ಆತ. ಇಬ್ಬರೂ ಸೇರಿ ಜನರನ್ನು ಎಬ್ಬಿಸುತ್ತಾರೆ. ದೇವರ ಉತ್ಸವದ ದಿನ ಊರು ಸಿಡಿದೇಳುತ್ತದೆ. ಎದ್ದ ಗುಂಪು ಯಾರಿಗಾಗಿ ಎದ್ದಿತ್ತೋ ಆ ಸುಶೀಲೆಯನ್ನೂ ಬಿಡುವುದಿಲ್ಲ.

ಬಿ.ಎ.ಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದ, ಕನ್ನಡಕ್ಕೆ ‘ತುಘಲಕ್’, ‘ಹಯವದನ’ ಕೊಟ್ಟ ಈ ನಾಟಕಕಾರ ಸಿನಿಮಾಕ್ಕೆ ಏಕೆ ಹೋದರು, ಅಲ್ಲಿ ಏನು ಹುಡುಕಿದರು ಎಂಬ ಮಾತು ಬಂದಾಗ ಸಾಮಾನ್ಯವಾಗಿ ಹಣ, ಹೆಸರು, ಹೊಸ ಅಲೆ ಎಂಬ ಉತ್ತರಗಳು ಬರುತ್ತವೆ. ಅವುಗಳಲ್ಲಿ ಸತ್ಯವೂ ಇದೆ. ಆದರೆ ನಾಟಕ, ಸಿನಿಮಾ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಹಿರಿಯರಿಂದ ಬಂದ ಧರ್ಮ ಉತ್ತರ ಹೇಳದೆ ಸುಮ್ಮನಾದಾಗ ಮನುಷ್ಯ ತಾನೇ ನಿರ್ಧಾರ ಮಾಡಬೇಕಾಗುತ್ತದೆ; ಆ ನಿರ್ಧಾರದ ಬೆಲೆ ತೆರುವವರು ಯಾರು?

ಪ್ರಶ್ನೆಯ ಮೊದಲರ್ಧವನ್ನು ಕಾರ್ನಾಡರು ಫ್ರಾನ್ಸಿನಿಂದ ಕಲಿತರು ಎಂದರೆ ತಪ್ಪಿಲ್ಲ. 1944ರ ಫೆಬ್ರವರಿಯಲ್ಲಿ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಫ್ರೆಂಚ್ ನಾಟಕಕಾರ ಝಾನ್ ಅನುಯಿಯ ‘ಅಂತಿಗೊನೆ’ ರಂಗಕ್ಕೆ ಬಂತು. ಕಥೆ ಸೋಫೋಕ್ಲಿಸನ ಕಾಲದ್ದೇ. ದೇಶದ್ರೋಹಿ ಎಂದು ಸಾರಿಸಿ ದೊರೆ ಕ್ರಿಯಾನ್, ಪರಸ್ಪರ ಹೋರಾಡಿ ಸತ್ತ ಇಬ್ಬರು ಸೋದರರಲ್ಲಿ ಒಬ್ಬನ ಹೆಣವನ್ನು ಮಣ್ಣು ಕಾಣದೆ ಕೊಳೆಯಲು ಬಿಡುತ್ತಾನೆ. ತಂಗಿ ಅಂತಿಗೊನೆ ಅಣ್ಣನ ಮೇಲೆ ಹಿಡಿ ಮಣ್ಣು ಹಾಕಿ ಮರಣದಂಡನೆ ಒಪ್ಪಿಕೊಳ್ಳುತ್ತಾಳೆ. ಗ್ರೀಕ್ ನಾಟಕದಲ್ಲಿ ಅವಳ ಬೆನ್ನಿಗೆ ದೇವತೆಗಳ ಕಟ್ಟಳೆ ಇತ್ತು. ಅನುಯಿ ಆ ಆಸರೆಯನ್ನೂ ಕಿತ್ತುಕೊಂಡ. ಅಣ್ಣಂದಿರಿಬ್ಬರೂ ಪುಂಡರಾಗಿದ್ದರು, ಸತ್ತಾಗ ಯಾವ ದೇಹ ಯಾರದೆಂದು ಗುರುತೇ ಸಿಗುತ್ತಿರಲಿಲ್ಲ, ಕಡಿಮೆ ಕೆಟ್ಟಿದ್ದನ್ನು ಎತ್ತಿಸಿ ರಾಜಮರ್ಯಾದೆ ಮಾಡಿಸಿದೆ ಎಂದು ಕ್ರಿಯಾನ್ ಅವಳೆದುರೇ ಒಪ್ಪಿಕೊಳ್ಳುತ್ತಾನೆ. ಅಷ್ಟಾದ ಮೇಲೂ ಹುಡುಗಿ ಹಟ ಬಿಡುವುದಿಲ್ಲ. ದೇವರಿಗಾಗಿ ಅಲ್ಲ, ಅಣ್ಣನಿಗಾಗಿಯೂ ಅಲ್ಲ, ತನಗಾಗಿ.

ಧಾರವಾಡದ ಹುಡುಗ ಓದಿದ್ದು ಇದನ್ನು. ಅನುಯಿ, ಅದರಲ್ಲೂ ‘ಅಂತಿಗೊನೆ’, ಜೊತೆಗೆ ಅಸ್ತಿತ್ವವಾದಿ ಸಾರ್ತ್ರ್, ತಮ್ಮ ಮೊದಲ ನಾಟಕಕ್ಕೆ ಮಾದರಿಯಾದರೆಂದು ಕಾರ್ನಾಡರೇ ಮುಂದೆ ಬರೆದಿದ್ದಾರೆ. ಆಕ್ಸ್‌ಫರ್ಡಿಗೆ ಹೊರಡುವ ಮುನ್ನ, ಇಂಗ್ಲಿಷ್ ಕವಿಯಾಗಬೇಕೆಂದಿದ್ದವರ ಕೈಯಿಂದ ಕನ್ನಡದಲ್ಲಿ ಬಂದ ನಾಟಕ ‘ಯಯಾತಿ’. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಮಗ ಪರದೇಶಕ್ಕೆ ಹೋದರೆ ಕೈತಪ್ಪಿಹೋದಾನೆಂಬ ಮನೆಯವರ ಆತಂಕ ಆಗ ಅವರನ್ನು ಸುತ್ತಿಕೊಂಡಿತ್ತು. ಅಪ್ಪನ ಮುಪ್ಪನ್ನು ಹೊತ್ತ ಮಗನ ಕಥೆ ತನ್ನನ್ನೇ ಏಕೆ ಹಿಡಿಯಿತೆಂಬುದು ಬರೆದು ಮುಗಿಸಿದ ಮೇಲೆ ಅವರಿಗೆ ಹೊಳೆಯಿತು.

ಮಹಾಭಾರತದಲ್ಲಿ ಯಯಾತಿಯ ಮಗ ಪುರುವಿನ ತ್ಯಾಗಕ್ಕೆ ರಾಜ್ಯವೇ ಬಹುಮಾನ. ಕಾರ್ನಾಡರ ನಾಟಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯಿದ್ದಾಳೆ. ಆಗತಾನೇ ಮದುವೆಯಾಗಿ ಬಂದವಳು. ಗಂಡ ಯಾರನ್ನೂ ಕೇಳದೆ ಅಪ್ಪನ ಮುಪ್ಪನ್ನು ತಾನು ಪಡೆದು ಮಹಾತ್ಮನಾಗಿಬಿಡುತ್ತಾನೆ. ಮಾವ ಬಂದು ಕುಲದ ಕೀರ್ತಿಯ ಮಾತಾಡುತ್ತಾನೆ, ಸಹಿಸಿಕೋ ಎನ್ನುತ್ತಾನೆ. ಅವಳ ತರ್ಕ ನೇರ. ಗಂಡನ ಯೌವನವನ್ನು ತೆಗೆದುಕೊಂಡವರು ನೀವಾದರೆ ಗಂಡನ ಜಾಗವನ್ನೂ ನೀವೇ ತುಂಬಬೇಕಲ್ಲ ಎಂದು ಕೇಳುತ್ತಾಳೆ. ಯಯಾತಿ ಬೆಚ್ಚಿಬೀಳುತ್ತಾನೆ. ಅವಳು ವಿಷ ಕುಡಿಯುತ್ತಾಳೆ. ಇಪ್ಪತ್ತೆರಡರ ಹರೆಯದಲ್ಲಿ ಬರೆದ ಈ ದೃಶ್ಯದಲ್ಲಿಯೇ ಕಾರ್ನಾಡರು ತಮ್ಮ ಫ್ರೆಂಚ್ ಗುರುಗಳಿಂದ ಒಂದು ಹೆಜ್ಜೆ ಆಚೆ ಬಂದರು. ಅಂತಿಗೊನೆ ತಾನು ನಿರ್ಧರಿಸಿದಳು, ತಾನೇ ಸತ್ತಳು. ಇಲ್ಲಿ ನಿರ್ಧಾರ ಪುರುವಿನದು, ಸತ್ತವಳು ಚಿತ್ರಲೇಖೆ. ಅಪ್ಪ, ಮಗ, ಸೊಸೆ, ದಾಸಿ ಒಂದೇ ಸೂರಿನಡಿ ಇರುವ ಮನೆಯಲ್ಲಿ ಒಬ್ಬನ ಸ್ವಾತಂತ್ರ್ಯ ಒಬ್ಬನದೇ ಆಗಿ ಉಳಿಯುವುದಿಲ್ಲ ಎಂಬುದು ಅವರಿಗೆ ಕಂಡಿತ್ತು.

ಒಂಬತ್ತು ವರ್ಷಗಳ ನಂತರ ಕಾರ್ನಾಡರು ಸಿನಿಮಾಕ್ಕೆ ಕಾಲಿಟ್ಟದ್ದು ಮತ್ತೊಂದು ಹೆಣದ ಮುಂದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ‘ಫಿಡೇಲು ರಾಗಾಲ ಡಜನ್’ ಸಂಕಲನದಿಂದ ತೆಲುಗು ಕಾವ್ಯದಲ್ಲಿ ಗಲಿಬಿಲಿ ಎಬ್ಬಿಸಿದ್ದ ಕವಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಕನ್ನಡ ಹೊಸ ಅಲೆಯ ಮೊದಲ ಚಿತ್ರ ಹೀಗೆ ಒಬ್ಬ ತೆಲುಗು ಕವಿಯ ಕೈಯಲ್ಲಿ ಮೈದಾಳಿತು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ತಡೆ ತೆರವಾದ ಮೇಲೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಕಥೆ ಕನ್ನಡಿಗರಿಗೆ ಗೊತ್ತಿರುವುದೇ, ಆದರೂ ಅದರ ಧಾರ್ಮಿಕ ತೊಡಕನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬ್ರಾಹ್ಮಣ್ಯ ಬಿಟ್ಟು ಮಾಂಸ ತಿಂದವನು, ಮದ್ಯ ಕುಡಿದವನು, ಚಂದ್ರಿಯನ್ನು ಇಟ್ಟುಕೊಂಡವನು. ಆದರೆ ಅವನನ್ನು ಯಾರೂ ವಿಧಿವತ್ತಾಗಿ ಬಹಿಷ್ಕರಿಸಿರಲಿಲ್ಲ. ಹಾಗಾಗಿ ಬ್ರಾಹ್ಮಣ ಅಲ್ಲದವನು ಅವನ ಹೆಣ ಮುಟ್ಟುವಂತಿಲ್ಲ, ಬ್ರಾಹ್ಮಣನಾದವನು ಮುಟ್ಟಲು ಒಪ್ಪುವುದಿಲ್ಲ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಚಂದ್ರಿ ತನ್ನ ಚಿನ್ನದ ಒಡವೆಗಳನ್ನು ಶವಸಂಸ್ಕಾರದ ಖರ್ಚಿಗೆಂದು ಬಿಚ್ಚಿಟ್ಟ ಗಳಿಗೆಯಿಂದ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ; ಆ ಚಿನ್ನದ ಮೇಲೆ ಎಲ್ಲರ ಕಣ್ಣು. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ಮಗುಚುತ್ತಾರೆ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದೇ ಇರಬೇಕೆಂಬುದು ಅವರ ನಂಬಿಕೆ. ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ, ಬಲಗಡೆಯ ಹೂವು ಬಿದ್ದರೆ ಒಪ್ಪಿಗೆ ಎಂದು ಕಾದು ಕೂರುತ್ತಾರೆ. ಹೂವೂ ಬೀಳುವುದಿಲ್ಲ. ಅತ್ತ ಪ್ಲೇಗಿನ ಇಲಿಗಳು ಹಿತ್ತಿಲಲ್ಲಿ ಗಿರಗಿರ ಸುತ್ತಿ ಸಾಯುತ್ತಿವೆ, ಮಾಡಿನ ಮೇಲೆ ಹದ್ದುಗಳು ಬಂದು ಕೂತಿವೆ, ಅವನ್ನು ಓಡಿಸಲು ಬ್ರಾಹ್ಮಣರು ಶಂಖ–ಜಾಗಟೆ ಹೊರತೆಗೆಯುತ್ತಾರೆ. ದೇವರ ಪೂಜೆಗೆ ಬೇಕಾದ ವಾದ್ಯಗಳು ಹೆಣ ಕಾಯುವ ಕೆಲಸಕ್ಕೆ ಬಂದಿವೆ.

ಕೊನೆಗೆ ದಹನ ಮಾಡಿಸಿದವಳು ಚಂದ್ರಿ. ಶಾಸ್ತ್ರ ಓದಿದವರು ಇನ್ನೂ ಚರ್ಚೆಯಲ್ಲಿರುವಾಗ, ರಾತ್ರೋರಾತ್ರಿ, ಒಬ್ಬ ಮುಸಲ್ಮಾನನ ನೆರವು ಪಡೆದು ಅವಳು ಆ ಕೆಲಸ ಮುಗಿಸಿ ಊರು ಬಿಡುತ್ತಾಳೆ. ಯಾರಿಗೂ ಹೇಳುವುದಿಲ್ಲ. ಆ ಅಗ್ರಹಾರದ ಅಂತಿಗೊನೆ ಅವಳೇ. ಪಕ್ಕದಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಹೆಣವಾದ ನಾರಣಪ್ಪನ ಪಾತ್ರ ಮಾಡಿದ ಪಿ. ಲಂಕೇಶರೇ ಸೋಫೋಕ್ಲಿಸನ ‘ಅಂತಿಗೊನೆ’ಯನ್ನು ಕನ್ನಡಕ್ಕೆ ತಂದವರು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ, ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಅಸ್ತಮಾದೊಡನೆ ಏಗಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ದೊರೆಯ ಆಜ್ಞೆಗೆ ಎದುರು ನಿಂತ ಹೆಣ್ಣಿನ ಕಥೆ ಈ ಚಿತ್ರವನ್ನು ತೆರೆಯ ಹೊರಗೂ ಬಿಡಲಿಲ್ಲ.

ಪ್ರಾಣೇಶಾಚಾರ್ಯರ ಪಾಲಿಗೆ ಬಂದ ಬಿಕ್ಕಟ್ಟು ಬೇರೆ ತೆರನದು. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ಕೂಡಿದ ಮೇಲೆ ಅವರು ಹೇಳಬಹುದಾದದ್ದು ಎರಡು: ಅದು ನನ್ನಿಂದ ಆದದ್ದಲ್ಲ, ತಾನಾಗಿ ಘಟಿಸಿತು, ಇಲ್ಲವೇ, ಅದನ್ನು ನಾನೇ ಆರಿಸಿಕೊಂಡೆ. ಮೊದಲನೆಯದು ಹಳೆಯ ಉತ್ತರ, ಕರ್ಮದ ಹೆಸರಿನಲ್ಲಿ ಹೆಗಲು ಜಾರಿಸಿಕೊಳ್ಳುವಂಥದು. ಎರಡನೆಯದು ಸಾರ್ತ್ರ್ ಒಪ್ಪುವ ಉತ್ತರ. ಆಚಾರ್ಯರು ಎರಡರ ನಡುವೆ ಜಾತ್ರೆಯಲ್ಲಿ, ಕಾಡುದಾರಿಯಲ್ಲಿ ಅಲೆಯುತ್ತಾರೆ. ಅವರು ಹೀಗೆ ತಮ್ಮನ್ನು ತಾವು ಬಗೆದು ನೋಡಿಕೊಳ್ಳುತ್ತಿರುವಾಗ ಚಂದ್ರಿ ಎಲ್ಲಿದ್ದಾಳೆ, ಅವಳ ಗತಿ ಏನಾಯಿತು ಎಂದು ಅಗ್ರಹಾರದಲ್ಲಿ ಕೇಳುವವರಿಲ್ಲ.

ಇನ್ನು ‘ವಂಶವೃಕ್ಷ’. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಬಿ.ವಿ. ಕಾರಂತರೊಡನೆ ಸೇರಿ ಕಾರ್ನಾಡರು ನಿರ್ದೇಶಿಸಿದರು. 1971ರ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಬಂತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಸೊಸೆ ಕಾತ್ಯಾಯನಿ ಕಾಲೇಜಿಗೆ ಹೋಗುತ್ತಾಳೆ, ಅಧ್ಯಾಪಕ ರಾಜನನ್ನು ಮದುವೆಯಾಗುತ್ತಾಳೆ. ಮೊದಲ ಗಂಡನಿಂದ ಹುಟ್ಟಿದ ಮಗು ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತದೆ, ಏಕೆಂದರೆ ಅದು ಆ ವಂಶದ್ದು. ಅವಳಿಗೆ ಎರಡನೆಯ ಮದುವೆಯಲ್ಲಿ ಒಂದಾದ ಮೇಲೊಂದು ಗರ್ಭ ಇಳಿದುಹೋಗುತ್ತದೆ. ಪಾಪಪ್ರಜ್ಞೆಯಲ್ಲಿ ಸವೆದು ಸಾಯುತ್ತಾಳೆ. ಅತ್ತ ಹಳೆಯ ಕಾಗದಗಳಿಂದ ಶ್ರೋತ್ರಿಗಳಿಗೆ ತಿಳಿಯುವುದೇನೆಂದರೆ, ತಾವೇ ಆ ವಂಶದ ರಕ್ತದಿಂದ ಹುಟ್ಟಿದವರಲ್ಲ. ಆಸ್ತಿಯ ಜಗಳಕ್ಕಾಗಿ ತಮ್ಮ ತಾಯಿಯನ್ನು ಬೇರೊಬ್ಬನ ಬಳಿ ಕಳಿಸಲಾಗಿತ್ತು.

ಈ ಚಿತ್ರವನ್ನು ನಿರ್ದೇಶಿಸಿದವರು ಯಾರ ಮಗ ಎಂಬುದನ್ನು ತಿಳಿದು ನೋಡಿದರೆ ಚಿತ್ರವೇ ಬೇರೆಯಾಗಿ ಕಾಣುತ್ತದೆ. ಕಾರ್ನಾಡರ ತಾಯಿ ಕೃಷ್ಣಾಬಾಯಿ ಚಿಕ್ಕವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಕೈಯಲ್ಲೊಂದು ಗಂಡುಮಗು. ನರ್ಸಿಂಗ್ ಕಲಿಯಲು ಹೊರಟು ಡಾ. ರಘುನಾಥ ಕಾರ್ನಾಡರನ್ನು ಕಂಡರು. ವಿಧವೆಯ ಮದುವೆಗೆ ಸಮಾಜ ಒಪ್ಪದ ಕಾಲ. ಐದು ವರ್ಷ ಕಾದು, ಆರ್ಯಸಮಾಜದ ವಿಧಿಯಂತೆ ಮದುವೆಯಾದರು. ಆ ಎರಡನೆಯ ಮದುವೆಯ ಮಗ ಗಿರೀಶ, 1938ರ ಮೇ 19ರಂದು ಮಾಥೇರಾನಿನಲ್ಲಿ ಹುಟ್ಟಿದ್ದು. ಕಾದಂಬರಿಯ ಕಾತ್ಯಾಯನಿಗೆ ಯಾವ ಮಕ್ಕಳು ಉಳಿಯಲಿಲ್ಲವೋ ಅಂಥ ಒಬ್ಬ ಮಗ ನಿಜ ಬದುಕಿನಲ್ಲಿ ಬೆಳೆದು, ಅದೇ ಕಥೆಗೆ ಕ್ಯಾಮೆರಾ ಹಿಡಿಸಿದ. ಕಾತ್ಯಾಯನಿಯ ಸಾವು ಶಾಪವೋ, ಪಾಪದ ಫಲವೋ, ಅಥವಾ ಸುತ್ತಲಿನವರು ಅವಳ ತಲೆಯಲ್ಲಿ ತುಂಬಿದ ಭಯದ ಫಲವೋ? ಕಾದಂಬರಿಯನ್ನು ಓದುವವರು ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳಬಹುದು. ಮರುಮದುವೆಯಾಗಿ ತುಂಬು ಬಾಳು ಬಾಳಿದ ತಾಯಿಯನ್ನು ಮನೆಯಲ್ಲೇ ಕಂಡವರಿಗೆ ಶಾಪದ ಉತ್ತರ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಾರದು.

ಅದೇ ತಾಯಿ ಒಂದು ದಿನ ಊಟದ ಹೊತ್ತಿನಲ್ಲಿ ಇನ್ನೊಂದು ವಿಷಯ ಬಾಯಿಬಿಟ್ಟರು. ಆತ್ಮಕಥೆ ‘ಆಡಾಡತ ಆಯುಷ್ಯ’ ಶುರುವಾಗುವುದು ಅಲ್ಲಿಂದಲೇ. ಗಿರೀಶ ಹೊಟ್ಟೆಯಲ್ಲಿದ್ದಾಗ, ಇದ್ದ ಮಕ್ಕಳೇ ಸಾಕೆನಿಸಿ, ಗರ್ಭ ತೆಗೆಸಲೆಂದು ಗಂಡ–ಹೆಂಡತಿ ಪುಣೆಯ ಡಾ. ಮಧುಮಾಲತಿ ಗುಣೆಯವರ ದವಾಖಾನೆಗೆ ಹೋಗಿದ್ದರು. ಡಾಕ್ಟರು ಇರಲಿಲ್ಲ. ಕಾದರು, ಬೇಸತ್ತರು, ಮನೆಗೆ ವಾಪಸಾದರು, ಮತ್ತೆ ಹೋಗಲಿಲ್ಲ. ಎಂಬತ್ತೊಂದು ವರ್ಷಗಳ ಬದುಕು ಒಬ್ಬ ವೈದ್ಯೆ ಆ ಹೊತ್ತಿಗೆ ಬಾರದಿದ್ದುದರ ಫಲ! ಕಾರ್ನಾಡರು ತಮ್ಮ ಆತ್ಮಕಥೆಯನ್ನು ಆ ಡಾಕ್ಟರಿಗೇ ಅರ್ಪಿಸಿದರು. ದೇವರು ಉಳಿಸಿದ ಎನ್ನಲಿಲ್ಲ, ಪೂರ್ವಜನ್ಮದ ಪುಣ್ಯ ಎನ್ನಲಿಲ್ಲ. ಅಕಸ್ಮಾತ್ತನ್ನು ಅಕಸ್ಮಾತ್ತೆಂದೇ ಒಪ್ಪಿ ಅದಕ್ಕೆ ಕೃತಜ್ಞತೆ ಹೇಳುವುದೂ ಒಂದು ಬಗೆಯ ಶ್ರದ್ಧೆಯೇ. ಇದನ್ನು ನಾಸ್ತಿಕತೆ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಅನ್ಯಾಯ.

ನಾಟಕದಿಂದ ಸಿನಿಮಾಕ್ಕೆ ಹೋದ ಫ್ರೆಂಚರಲ್ಲಿ ಬಹು ಪ್ರಸಿದ್ಧ ಹೆಸರು ಮಾರ್ಸೆಲ್ ಪಾಞೋಲ್. ಅವನ ‘ಮಾರಿಯುಸ್’ 1929ರಲ್ಲಿ ನಾಟಕವಾಗಿ ಗೆದ್ದು, 1931ರಲ್ಲಿ ಸಿನಿಮಾ ಆಯಿತು. ಮಾತಾಡುವ ಸಿನಿಮಾ ಎಂದರೆ ನಾಟಕವನ್ನು ಊರೂರಿಗೆ ಒಯ್ಯುವ ಹೊಸ ಸಾಧನ ಎಂದು ಅವನು ಖಂಡತುಂಡವಾಗಿ ವಾದಿಸಿದ. 1946ರಲ್ಲಿ ಫ್ರೆಂಚ್ ಅಕಾಡೆಮಿಗೂ ಆಯ್ಕೆಯಾದ. ಕಾರ್ನಾಡರ ದಾರಿ ಇದಕ್ಕೆ ಪೂರಾ ತಿರುಗುಮುರುಗು. ತಮ್ಮ ಒಂದು ನಾಟಕವನ್ನೂ ಅವರು ತಾವೇ ಸಿನಿಮಾ ಮಾಡಲಿಲ್ಲ. ‘ನಾಗಮಂಡಲ’ವನ್ನು ಟಿ.ಎಸ್. ನಾಗಾಭರಣ ಮಾಡಿದರು, ‘ಅಗ್ನಿ ಮತ್ತು ಮಳೆ’ಯನ್ನು ಅರ್ಜುನ್ ಸಜನಾನಿ ಹಿಂದಿಗೆ ತಂದರು. ಕಾರ್ನಾಡರು ತೆಗೆದದ್ದು ಆಲನಹಳ್ಳಿಯವರ ‘ಕಾಡು’, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ಶೂದ್ರಕನ ‘ಮೃಚ್ಛಕಟಿಕ’ದಿಂದ ‘ಉತ್ಸವ್’. ರಂಗದ ಮೇಲೆ ಪುರಾಣ ಮತ್ತು ಇತಿಹಾಸ, ತೆರೆಯ ಮೇಲೆ ಮಲೆನಾಡಿನ ಜಗಲಿ, ಹಳ್ಳಿಯ ಹಗೆ, ಮನೆಯೊಳಗಿನ ಹೆಣ್ಣು. ಪುರಾಣದಲ್ಲಿ ಎತ್ತಿದ ಪ್ರಶ್ನೆಯನ್ನು ನೆರೆಮನೆಯ ಮುಖಗಳ ಮೇಲೆ ಒರೆಗೆ ಹಚ್ಚಿ ನೋಡಲು ಅವರಿಗೆ ಸಿನಿಮಾ ಬೇಕಾಗಿತ್ತು ಎಂದೇ ತೋರುತ್ತದೆ. ನಾಟಕದಲ್ಲಿ ಚಿತ್ರಲೇಖೆ ವಾದ ಮಾಡಬಲ್ಲಳು. ನಂಜನಗೂಡಿನ ಕಾತ್ಯಾಯನಿಗೆ ಅಷ್ಟು ಮಾತಿಲ್ಲ, ಅವಳ ಮುಖವನ್ನೇ ನೋಡಬೇಕು.

ಹೈದರಾಬಾದಿನ ಹುಡುಗ ಬೆನೆಗಲ್ ಜೊತೆ ಅವರು ಸೇರಿದ್ದೂ ಈ ಕಾರಣಕ್ಕೇ ಇರಬೇಕು. 1934ರಲ್ಲಿ ತಿರುಮಲಗಿರಿಯಲ್ಲಿ ಹುಟ್ಟಿ, ಅಲ್ವಾಲಿನಲ್ಲಿ ಬೆಳೆದು, ನಿಜಾಂ ಕಾಲೇಜಿನಲ್ಲಿ ಓದಿದ ಬೆನೆಗಲ್ ಮನೆಯ ಮಾತು ಕೊಂಕಣಿ, ಕಾರ್ನಾಡರ ಮನೆಯ ಮಾತೂ ಅದೇ. ಬೆನೆಗಲ್ಲರ ತಂದೆ ಕರಾವಳಿ ಕರ್ನಾಟಕದಿಂದ ಬಂದ ಛಾಯಾಗ್ರಾಹಕರು. ನಟನೆಯ ಆಚೆಗೂ ಇಬ್ಬರ ಕೂಡು ಕೆಲಸ ನಡೆಯಿತು. ‘ಭೂಮಿಕಾ’ ಚಿತ್ರಕಥೆಯಲ್ಲಿ ಕಾರ್ನಾಡರ ಪಾಲಿದೆ. ಈ ಲೇಖನದ ಮಾತಿಗೆ ಅದಕ್ಕಿಂತ ಹತ್ತಿರವಾದದ್ದು, ಅಷ್ಟಾಗಿ ಯಾರೂ ನೆನೆಯದ 1978ರ ಚಿತ್ರ. ಹಿಂದಿಯಲ್ಲಿ ‘ಕೊಂಡುರಾ’, ತೆಲುಗಿನಲ್ಲಿ ‘ಅನುಗ್ರಹಂ’. ಚಿ.ತ್ರ್ಯಂ. ಖಾನೋಲ್ಕರರ ಮರಾಠಿ ಕಾದಂಬರಿ ಆಧಾರ. ಚಿತ್ರಕಥೆಯಲ್ಲಿ ಬೆನೆಗಲ್, ಕಾರ್ನಾಡ, ತೆಲುಗಿಗೆ ಕವಿ ಆರುದ್ರ.

ಪರಶುರಾಮನೆಂಬ ಸಾಧಾರಣ ಬ್ರಾಹ್ಮಣ ಯುವಕನಿಗೆ ಒಬ್ಬ ಸಿದ್ಧ ಕಾಣಿಸಿಕೊಂಡು ವರ ಕೊಡುತ್ತಾನೆ. ಬ್ರಹ್ಮಚರ್ಯ ಪಾಲಿಸಬೇಕೆಂಬುದು ಷರತ್ತು. ಜೊತೆಗೊಂದು ಬೇರು, ಗರ್ಭ ಇಳಿಸುವ ಶಕ್ತಿಯುಳ್ಳದ್ದು. ಮನೆಯಲ್ಲಿ ಹೆಂಡತಿ ಇದ್ದಾಳೆ. ಅವಳ ಒಪ್ಪಿಗೆ ವರದ ಲೆಕ್ಕಕ್ಕೆ ಬರುವುದಿಲ್ಲ. ಊರು ಅವನ ಕಾಲಿಗೆ ಬೀಳತೊಡಗುತ್ತದೆ. ಜಮೀನ್ದಾರನ ಮನೆಯ ಸೊಸೆ ಬಸುರಿಯೆಂದು ತಿಳಿದಾಗ, ಅದು ಪಾಪದ ಬಸಿರೆಂದು ಅವನು ತಾನೇ ತೀರ್ಮಾನಿಸುತ್ತಾನೆ, ದೇವಿಯ ಇಚ್ಛೆಯೆಂದು ನಂಬುತ್ತಾನೆ. ತೀರ್ಮಾನ ತಪ್ಪು. ಯಯಾತಿಯ ಪುರು ತ್ಯಾಗದ ಅಮಲಿನಲ್ಲಿದ್ದರೆ ಇವನದು ಅನುಗ್ರಹದ ಅಮಲು. ದೇವರು ಮಾತಾಡಿದ ಎಂದುಕೊಳ್ಳುವವನು ದೇವರು ಸುಮ್ಮನಿದ್ದಾನೆ ಎಂದು ಅರಿತವನಿಗಿಂತ ಅಪಾಯಕಾರಿ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಭಾರತೀಯ ಚಿತ್ರಗಳು ಕಡಿಮೆ. ಪ್ರಾಣೇಶಾಚಾರ್ಯರಿಗೆ ಹೂವು ಬೀಳಲಿಲ್ಲ, ಹಾಗಾಗಿ ಅವರಿಗೆ ಸಂದೇಹ ಉಳಿಯಿತು. ಪರಶುರಾಮನಿಗೆ ಸಂದೇಹವೇ ಇಲ್ಲ.

ಇದೇ ಎಳೆ ‘ತುಘಲಕ್’ನಲ್ಲಿ ಸಿಂಹಾಸನಕ್ಕೇರುತ್ತದೆ. ಪ್ರಾರ್ಥನೆಯನ್ನು ಕಡ್ಡಾಯ ಮಾಡಿದ ಸುಲ್ತಾನನನ್ನು ಪ್ರಾರ್ಥನೆಯ ಹೊತ್ತಿನಲ್ಲೇ ಕೊಲ್ಲಲು ಅಮೀರರು ಸಂಚು ಮಾಡುತ್ತಾರೆ. ಸಂಚು ಬಯಲಾದ ಮೇಲೆ ಅವನು ರಾಜ್ಯದಲ್ಲೇ ಪ್ರಾರ್ಥನೆ ನಿಲ್ಲಿಸುತ್ತಾನೆ, ಖಲೀಫನ ವಂಶದವನೊಬ್ಬ ಬಂದು ಪಾವನಗೊಳಿಸಲೆಂದು ವರ್ಷಗಟ್ಟಲೆ ಕಾಯುತ್ತಾನೆ. ಬರುವವನು ಆ ವಂಶದವನನ್ನು ಕೊಂದು ವೇಷ ಹಾಕಿದ ಅಗಸ ಅಜೀಜ. ಬೆಲೆ ತೆತ್ತವರು ರಾಜಧಾನಿ ಬದಲಾದಾಗ ದೌಲತಾಬಾದಿನ ದಾರಿಯಲ್ಲಿ ಸತ್ತ ಪ್ರಜೆಗಳು. ಕಾರ್ನಾಡರು ಧರ್ಮದ ಬಗ್ಗೆ ಕಹಿಯಾಗಿದ್ದರು ಎಂದು ಇದರಿಂದ ತಿಳಿಯುವವರಿದ್ದಾರೆ. ಅಂಥವರು ಕನಕ–ಪುರಂದರರ ಮೇಲೆ, ಸೂಫಿಗಳ ಮೇಲೆ ಅವರು ತೆಗೆದ ಸಾಕ್ಷ್ಯಚಿತ್ರಗಳನ್ನು ನೋಡಬೇಕು. 1989ರಲ್ಲಿ, ಮಂದಿರ–ಮಂಡಲದ ಗದ್ದಲ ಏಳುತ್ತಿದ್ದಾಗ, ಬಸವಣ್ಣನನ್ನು ಕುರಿತು ‘ತಲೆದಂಡ’ ಬರೆದದ್ದು ಶರಣರ ಮೇಲಿನ ತುಂಬು ಗೌರವದಿಂದ. ಆ ಶರಣರ ಊರಾದ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲಿತ್ತು, ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದರೆ ದಾರಿಯ ಪಕ್ಕದಲ್ಲೇ ಸಿಗುತ್ತದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಎಂಬ ಸುದ್ದಿಗೆ ಶರಣರು ಹಿಗ್ಗಿದಾಗ ನಾಟಕದ ಬಸವಣ್ಣನಿಗೆ ಮಾತ್ರ ಅಳುಕು. ಮುಂದೆ ಆಗುವುದನ್ನು ಉಣ್ಣುವವರು ಆ ಎರಡು ಮಕ್ಕಳು, ಅವರ ಹೆತ್ತವರು ಎಂದು ಆತ ಬಲ್ಲ.

ಇಡೀ ಪ್ರಶ್ನೆಗೆ ಕಾರ್ನಾಡರು ಕೊಟ್ಟ ಅತಿ ಕಠಿಣ ಉತ್ತರ ‘ಅಗ್ನಿ ಮತ್ತು ಮಳೆ’ಯಲ್ಲಿದೆ. ವನಪರ್ವದ ಯವಕ್ರೀತನ ಕಥೆ. ವರ್ಷಗಳ ಬರಗಾಲ, ಮಳೆಗಾಗಿ ಯಜ್ಞ. ಬ್ರಾಹ್ಮಣ ಅರವಸುವಿಗೆ ಬೇಟೆಗಾರರ ಹುಡುಗಿ ನಿತ್ತಿಲೆ ಬೇಕು, ನಾಟಕವೂ ಬೇಕು. ಕೊನೆಯಲ್ಲಿ ನಿತ್ತಿಲೆಯನ್ನು ಅವಳ ಗಂಡನೇ ಕೊಂದಿದ್ದಾನೆ, ಇಂದ್ರ ಪ್ರತ್ಯಕ್ಷನಾಗಿ ವರ ಕೇಳು ಎನ್ನುತ್ತಾನೆ. ನಿತ್ತಿಲೆಯನ್ನು ಬದುಕಿಸು ಎಂದರೆ ಕಾಲಚಕ್ರವೇ ಹಿಂದಕ್ಕೆ ಉರುಳಬೇಕು. ಆಗ ಬಿಡುಗಡೆಗಾಗಿ ಅಂಗಲಾಚುತ್ತಿರುವ ಬ್ರಹ್ಮರಾಕ್ಷಸ ಮತ್ತೆ ಬಂಧಿಯಾಗುತ್ತಾನೆ. ಅರವಸು ಇಲ್ಲಿ ಮಾಡುವ ಕೆಲಸವನ್ನು ಪುರು ಮಾಡಲಿಲ್ಲ. ನಿತ್ತಿಲೆ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸುತ್ತಾನೆ. ಅವಳು ಕರುಣೆಯನ್ನೇ ಆರಿಸುತ್ತಿದ್ದಳು ಎಂದು ತಿಳಿದು ಬ್ರಹ್ಮರಾಕ್ಷಸನ ಬಿಡುಗಡೆ ಕೇಳುತ್ತಾನೆ. ಮಳೆ ಬರುತ್ತದೆ. ಮೂವತ್ತು ವರ್ಷಗಳಲ್ಲಿ ಕಾರ್ನಾಡರ ಗಂಡಸೊಬ್ಬ ಕಡೆಗೂ, ಬೆಲೆ ತೆತ್ತವಳ ಮಾತನ್ನು ಅವಳು ಸತ್ತ ಮೇಲಾದರೂ, ಕೇಳಿಸಿಕೊಂಡಿದ್ದಾನೆ. ತಡವಾಗಿ ಎಂಬ ನೋವನ್ನು ನಾಟಕ ಮುಚ್ಚಿಡುವುದಿಲ್ಲ.

2019ರ ಜೂನ್ 10ರಂದು ಕಾರ್ನಾಡರು ಬೆಂಗಳೂರಿನಲ್ಲಿ ತೀರಿಕೊಂಡರು. ಕ್ರಿಯೆ ಬೇಡ, ಮಂತ್ರ ಬೇಡ, ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ ಎಂದು ಮೊದಲೇ ಹೇಳಿಟ್ಟಿದ್ದರು. ಮನೆಯವರು ಅದರಂತೆಯೇ ನಡೆದರು. ಜ್ಞಾನಪೀಠ ಪಡೆದವರ ದೇಹ ಅಂದೇ ಕಲ್ಪಳ್ಳಿಯ ಚಿತಾಗಾರ ಸೇರಿತು. ಕೊನೆಯ ದರ್ಶನ ಸಿಗಲಿಲ್ಲವೆಂದು ಎಷ್ಟೋ ಅಭಿಮಾನಿಗಳು ನೊಂದರು, ಆ ನೋವೂ ನಿಜವಾದದ್ದೇ. ಶವಸಂಸ್ಕಾರ ಸತ್ತವನಿಗಿಂತ ಉಳಿದವರಿಗೆ ಹೆಚ್ಚು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ನಾರಣಪ್ಪನ ಹೆಣದ ಸುತ್ತ ನಡೆದ ಚೌಕಾಶಿಯನ್ನು ತೆರೆಯ ಮೇಲೆ ಬಾಳಿ ತೋರಿಸಿದವರು, ತಮ್ಮ ದೇಹ ಯಾರ ಗರ್ವಕ್ಕೂ ಯಾರ ದ್ವೇಷಕ್ಕೂ ಸರಕಾಗದಂತೆ ನೋಡಿಕೊಂಡರು. ಇಲ್ಲಿ ನಿರ್ಧಾರವೂ ಅವರದೇ, ಹೊರೆಯನ್ನು ಆದಷ್ಟು ಯಾರ ಮೇಲೂ ಹೇರದಂತೆ ಮಾಡಿದ ಏರ್ಪಾಡೂ ಅವರದೇ.

ಸಾಯುವ ಹಿಂದಿನ ವರ್ಷ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಅವರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ ಬಂತು. ‘ಯಯಾತಿ’ಯನ್ನು ಅಚ್ಚು ಹಾಕಿದ ಮನೋಹರ ಗ್ರಂಥಮಾಲೆಯೇ 57 ವರ್ಷಗಳ ಬಳಿಕ ಇದನ್ನೂ ಪ್ರಕಟಿಸಿತು. ಅದರ ವಸ್ತುವಾದ, ವಿಜಯನಗರಕ್ಕೂ ದಖನ್ ಸುಲ್ತಾನರಿಗೂ ನಡೆದ 1565ರ ಜನವರಿಯ ಯುದ್ಧವನ್ನು ಹಿಂದೂ–ಮುಸ್ಲಿಮರ ಕಾಳಗವೆಂದು ಶಾಲೆಯಲ್ಲಿ ಕಲಿತವರನ್ನು ಈ ಇತಿಹಾಸ ತಬ್ಬಿಬ್ಬು ಮಾಡುತ್ತದೆ. ಬಿಜಾಪುರದ ಅಲಿ ಆದಿಲ್‌ಶಾಹ ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯನನ್ನು ತಂದೆಯೆಂದು ಕರೆದವನು. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದವನು. ತೆಲುಗು ಕವಿಗಳು ಮಲ್ಕಿಭರಾಮನೆಂದು ಹಾಡಿದ್ದು ಅವನನ್ನೇ. ಅವನ ಮಗ ಮುಹಮ್ಮದ್ ಕುಲಿ 1591ರಲ್ಲಿ ಕಟ್ಟಿಸಿದ ಊರು ಹೈದರಾಬಾದ್. ಯುದ್ಧಕ್ಕೆ ತಳ್ಳಿದ್ದು ಅವಮಾನ, ಗಡಿ, ಕೋಟೆ, ವಂಶದ ಹೆಮ್ಮೆ. ಧರ್ಮದ ಬಾವುಟ ಆಮೇಲೆ ಏರಿದ್ದು. ರಾಮರಾಯನ ತಲೆ ಉರುಳಿದ ಸುದ್ದಿ ಬಂದಾಗ ತಮ್ಮ ತಿರುಮಲ ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿ ಪೆನುಕೊಂಡೆಗೆ ಹೊರಟುಹೋದ. ಬಾಗಿಲು ಕಾಯುವವರಿಲ್ಲದ ಪಟ್ಟಣದಲ್ಲಿ ಉಳಿದವರನ್ನು ಸಂಧಿಯ ಹೊತ್ತಿನಲ್ಲೂ ಯುದ್ಧದ ಹೊತ್ತಿನಲ್ಲೂ ಯಾರೂ ಕೇಳಿರಲಿಲ್ಲ. ಇದು ಹೈದರಾಬಾದಿನಲ್ಲಿ, ಇಬ್ರಾಹಿಮನ ಗೋರಿ ಇರುವ ಊರಿನಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ ದಖನಿಯಲ್ಲೂ ಆಡಬೇಕಾದ ನಾಟಕ. ಆ ಊರಿನ ಕಾಚಿಗುಡ ಬಡಾವಣೆಯ ಕನ್ನಡಿಗರು ಮನಸ್ಸು ಮಾಡಿದರೆ ಅಲ್ಲಿನ ಪ್ರಯೋಗ ಅವರಿಂದಲೇ ಆಗಬಹುದು.